ಯುದ್ಧಕ್ಕೆ ಬಾ ಎಂದವರು, ಬೇಡ ಎಂದವರು: ಜೋರ್ಡಾನ್ ದೊರೆಗೆ ಕೊನೆಗೆ ಸಿಕ್ಕಿದ್ದೇನು?

2024ರ ಏಪ್ರಿಲ್ 13ರ ರಾತ್ರಿ ಇರಾನ್ 300ಕ್ಕೂ ಹೆಚ್ಚು ಡ್ರೋನ್ ಮತ್ತು ಕ್ಷಿಪಣಿಗಳನ್ನು ಇಸ್ರೇಲ್ ಕಡೆ ಹಾರಿಸಿತು. ದಾರಿಯಲ್ಲಿ ಸಿಗುವ ದೇಶ ಜೋರ್ಡಾನ್. ತನ್ನ ಆಕಾಶಕ್ಕೆ ಬಂದವುಗಳಲ್ಲಿ ಹಲವನ್ನು ಅದು ಹೊಡೆದು ಬೀಳಿಸಿತು. ಅಮ್ಮಾನ್ ನಗರದ ಬಡಾವಣೆಗಳಲ್ಲೇ ಕ್ಷಿಪಣಿಯ ಚೂರುಗಳು ಬಿದ್ದವು. ಜೋರ್ಡಾನಿನ ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಪ್ಯಾಲೆಸ್ಟೀನ್ ಮೂಲದವರು ಎಂಬುದು ಸಾಮಾನ್ಯ ಅಂದಾಜು. ಗಾಜಾ ಮೇಲೆ ಆಗ ಆರು ತಿಂಗಳಿಂದ ಬಾಂಬ್ ಬೀಳುತ್ತಿತ್ತು. ಹಾಗಾಗಿ ಬೆಳಗಾಗುವಷ್ಟರಲ್ಲಿ ಅರಬ್ ಜಗತ್ತಿನ ತುಂಬ ಒಂದೇ ಪ್ರಶ್ನೆ: ಈ ದೊರೆ ಯಾರ ಕಡೆ? ಅಮ್ಮಾನ್ ಕೊಟ್ಟ ಉತ್ತರ ಚಿಕ್ಕದು. ನಮ್ಮ ಜನರ ರಕ್ಷಣೆಗಾಗಿ ಮಾಡಿದ್ದೇವೆ, ನಮ್ಮ ನೆಲ ಯಾರಿಗೂ ರಣರಂಗವಾಗಲು ಬಿಡುವುದಿಲ್ಲ.

ಈಗಿನ ದೊರೆ ಎರಡನೇ ಅಬ್ದುಲ್ಲಾ. ಅವರ ತಂದೆ ಹುಸೇನ್ 1973ರ ಅಕ್ಟೋಬರ್‌ನಲ್ಲಿ ಇದಕ್ಕಿಂತಲೂ ಬಿಗಿಯಾದ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದರು. ಈಜಿಪ್ಟ್ ಮತ್ತು ಸಿರಿಯಾ ಇಸ್ರೇಲ್ ಮೇಲೆ ಯುದ್ಧ ಹೂಡಿದ್ದವು. ಇಸ್ರೇಲ್ ಜೊತೆ ಅತಿ ಉದ್ದದ ಗಡಿ ಇದ್ದದ್ದು ಜೋರ್ಡಾನಿಗೆ. ಆ ಗಡಿಯಲ್ಲಿ ಮಾತ್ರ ಯುದ್ಧ ಶುರುವಾಗಲೇ ಇಲ್ಲ. ಬಾ ಎಂದು ಎಳೆದವರು ಒಂದು ಕಡೆ, ಬೇಡ ಎಂದು ತಡೆದವರು ಇನ್ನೊಂದು ಕಡೆ. ಆ ಹದಿನೇಳು ದಿನಗಳ ಎಳೆದಾಟವನ್ನು ಬಿಡಿಸಿ ನೋಡಿದರೆ, ಇವತ್ತು ಅಮ್ಮಾನಿನಿಂದ ದೋಹಾದವರೆಗೆ ಅರಬ್ ದೊರೆಗಳು ಯಾಕೆ ಹೀಗೆ ನಡೆದುಕೊಳ್ಳುತ್ತಿದ್ದಾರೆ ಎಂಬುದು ಬಹಳಷ್ಟು ಅರ್ಥವಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹುಸೇನ್ ಅಂದು ಮಾಡಿದ್ದು ಸರಿ. ಆದರೆ ಅವರನ್ನು ಯುದ್ಧದಿಂದ ಹೊರಗೆ ಇಟ್ಟವರು ಆಮೇಲೆ ಅದರ ಋಣ ತೀರಿಸಲಿಲ್ಲ. ಹೋರಾಡಿದವರಿಗೆ ನೆಲ ಸಿಕ್ಕಿತು. ತಾಳಿಕೊಂಡವರಿಗೆ ಏನೂ ಸಿಗಲಿಲ್ಲ.

ಕಥೆ ಶುರುವಾಗುವುದು 1967ರಲ್ಲಿ. ಆ ವರ್ಷ ಮೇ 30ರಂದು ಹುಸೇನ್ ಕೈರೋಗೆ ಹೋಗಿ ಈಜಿಪ್ಟಿನ ನಾಸರ್ ಜೊತೆ ರಕ್ಷಣಾ ಒಪ್ಪಂದ ಮಾಡಿಕೊಂಡರು. ತಮ್ಮ ಸೇನೆಯ ಚುಕ್ಕಾಣಿಯನ್ನೇ ಈಜಿಪ್ಟಿನ ಜನರಲ್ ಅಬ್ದೆಲ್ ಮೊನೆಮ್ ರಿಯಾದ್ ಕೈಗೆ ಕೊಟ್ಟರು. ಜೂನ್ 5ರ ಬೆಳಗ್ಗೆ ಇಸ್ರೇಲಿ ವಿಮಾನಗಳು ಈಜಿಪ್ಟಿನ ವಾಯುನೆಲೆಗಳ ಮೇಲೆ ಎರಗಿದವು. ಕೆಲವೇ ಗಂಟೆಗಳಲ್ಲಿ ಈಜಿಪ್ಟಿನ ವಾಯುಪಡೆ ನಿಂತಲ್ಲೇ ಸುಟ್ಟುಹೋಯಿತು. ಕೈರೋದಿಂದ ಅಮ್ಮಾನಿಗೆ ಬಂದ ಸುದ್ದಿ ಮಾತ್ರ ಪೂರ್ತಿ ಉಲ್ಟಾ: ಇಸ್ರೇಲಿ ವಿಮಾನಗಳನ್ನು ನಾವೇ ಉರುಳಿಸಿದ್ದೇವೆ, ನೀವೂ ಬನ್ನಿ. ಅದೇ ಬೆಳಗ್ಗೆ ಇಸ್ರೇಲ್ ವಿಶ್ವಸಂಸ್ಥೆಯ ಜನರಲ್ ಆಡ್ ಬುಲ್ ಮೂಲಕ ಹೇಳಿಕಳಿಸಿತ್ತು. ನೀವು ಸುಮ್ಮನಿದ್ದರೆ ನಿಮ್ಮ ತಂಟೆಗೆ ನಾವು ಬರುವುದಿಲ್ಲ ಎಂದು. ಹುಸೇನ್ ಕೇಳಲಿಲ್ಲ. ಕೈರೋ ಹೇಳಿದ ಸುಳ್ಳನ್ನು ನಂಬಿದರು.

ಮೂರು ದಿನದಲ್ಲಿ, ಜೋರ್ಡಾನ್ ನದಿಯಾಚೆ ಅವರ ಆಳ್ವಿಕೆಯಲ್ಲಿದ್ದ ಪಶ್ಚಿಮ ದಂಡೆ ಹೋಯಿತು. ಪೂರ್ವ ಜೆರುಸಲೇಮ್ ಹೋಯಿತು. ವಾಯುಪಡೆ ನಾಶವಾಯಿತು. ಲಕ್ಷಾಂತರ ನಿರಾಶ್ರಿತರು ನದಿ ದಾಟಿ ಬಂದರು. ಹುಸೇನರ ಅಜ್ಜ ಮೊದಲನೇ ಅಬ್ದುಲ್ಲಾ 1951ರಲ್ಲಿ ಕೊಲೆಯಾದದ್ದು ಜೆರುಸಲೇಮಿನ ಅಲ್ ಅಕ್ಸಾ ಮಸೀದಿಯಲ್ಲಿ. ಹದಿನೈದು ವರ್ಷದ ಹುಸೇನ್ ಆಗ ಅಜ್ಜನ ಜೊತೆಗೇ ಇದ್ದರು. ಆ ಊರನ್ನೇ ಕಳೆದುಕೊಂಡ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1973ರಲ್ಲಿ ಅವರು ಯಾಕೆ ಅಷ್ಟು ಹಿಂದೇಟು ಹಾಕಿದರು ಎಂದು ಕೇಳುವವರು ಈ ಮೂರು ದಿನಗಳನ್ನು ಮರೆಯಬಾರದು.

ಎರಡನೇ ಪೆಟ್ಟು 1970ರ ಸೆಪ್ಟೆಂಬರ್‌ನದು. ಜೋರ್ಡಾನಿನಲ್ಲಿ ನೆಲೆಸಿದ್ದ ಪ್ಯಾಲೆಸ್ಟೀನಿ ಹೋರಾಟಗಾರರು ರಾಜ್ಯದೊಳಗೆ ಇನ್ನೊಂದು ರಾಜ್ಯ ಕಟ್ಟಿಕೊಂಡಿದ್ದರು. ಹುಸೇನ್ ಸೇನೆ ನುಗ್ಗಿಸಿದರು. ಅಮ್ಮಾನಿನ ಬೀದಿಗಳಲ್ಲೇ ಯುದ್ಧವಾಯಿತು. ಆ ಗಲಾಟೆಯ ಮಧ್ಯೆ ಸಿರಿಯಾದ ಟ್ಯಾಂಕ್‌ಗಳು ಉತ್ತರದಿಂದ ಜೋರ್ಡಾನಿಗೆ ನುಗ್ಗಿದವು. ಹುಸೇನ್ ಅವನ್ನು ಹಿಮ್ಮೆಟ್ಟಿಸಿ ಗೆದ್ದರು, ಆದರೆ ಒಂಟಿಯಾದರು. ಕುವೈತ್ ಮತ್ತು ಲಿಬಿಯಾ ಕೊಡುತ್ತಿದ್ದ ಹಣ ನಿಂತಿತು. 1971ರ ನವೆಂಬರ್‌ನಲ್ಲಿ ಪ್ರಧಾನಿ ವಸ್ಫಿ ಅಲ್ ತಲ್ ಅವರನ್ನು ಕೈರೋದಲ್ಲಿ ಹಾಡಹಗಲೇ ಕೊಂದರು. ಸಿರಿಯಾ ಸಂಬಂಧ ಕಡಿದುಕೊಂಡಿತು, 1972ರಲ್ಲಿ ಈಜಿಪ್ಟ್ ಕೂಡ. ಅರಬ್ ಕೂಟದಲ್ಲಿ ಹುಸೇನ್ ಎಂದರೆ ಎಲ್ಲರೂ ಮುಖ ತಿರುಗಿಸುವ ಕಾಲ ಅದು.

ಹಾಗಿದ್ದವರನ್ನು 1973ರ ಸೆಪ್ಟೆಂಬರ್ ಎರಡನೇ ವಾರದಲ್ಲಿ ಈಜಿಪ್ಟಿನ ಸಾದತ್ ಕೈರೋಗೆ ಕರೆದರು. ಸಿರಿಯಾದ ಹಾಫಿಜ್ ಅಲ್ ಅಸಾದ್ ಕೂಡ ಬಂದಿದ್ದರು. ಮೂವರೂ ಕೂತು ರಾಜಿಯಾದರು. ಮುರಿದ ಸಂಬಂಧ ಮತ್ತೆ ಕೂಡಿತು. ಹುಸೇನ್‌ಗೆ ಅದು ದೊಡ್ಡ ನಿರಾಳ. ಆದರೆ ಯುದ್ಧದ ದಿನಾಂಕವನ್ನು ಉಳಿದಿಬ್ಬರು ಅವರಿಗೆ ಹೇಳಲಿಲ್ಲ. ಹೇಳಿದರೆ ಸುದ್ದಿ ಹೊರಹೋಗುತ್ತದೆ ಎಂಬ ಭಯ. ಆ ಭಯ ಸುಳ್ಳೇನೂ ಆಗಿರಲಿಲ್ಲ.

ಯಾಕೆಂದರೆ ಎರಡು ವಾರದೊಳಗೆ, ಸೆಪ್ಟೆಂಬರ್ 25ರಂದು, ಹುಸೇನ್ ಗುಟ್ಟಾಗಿ ಇಸ್ರೇಲಿಗೆ ಹೋದರು. ಟೆಲ್ ಅವೀವ್ ಹತ್ತಿರ ಗುಪ್ತಚರ ಸಂಸ್ಥೆ ಮೊಸಾದ್‌ನ ಕಟ್ಟಡವೊಂದರಲ್ಲಿ ಪ್ರಧಾನಿ ಗೋಲ್ಡಾ ಮೀರ್ ಅವರನ್ನು ಕಂಡರು. ಇದು ಮೊದಲ ಭೇಟಿಯೂ ಅಲ್ಲ. 1963ರಿಂದಲೂ ಹುಸೇನ್ ಇಸ್ರೇಲಿಗಳ ಜೊತೆ ಗುಟ್ಟಾಗಿ ಮಾತಾಡುತ್ತಲೇ ಇದ್ದರು. ಅಂದು ಅವರು ಹೇಳಿದ್ದು ಇಷ್ಟು: ಸಿರಿಯಾದ ಪಡೆಗಳು ದಾಳಿಗೆ ಮುಂಚಿನ ಸ್ಥಾನದಲ್ಲಿ ನಿಂತಿವೆ. ಈಜಿಪ್ಟಿನ ಜೊತೆ ಇಲ್ಲದೆ ಸಿರಿಯಾ ಒಂದೇ ಯುದ್ಧಕ್ಕೆ ಇಳಿಯುತ್ತದೆಯೇ ಎಂದು ಗೋಲ್ಡಾ ಕೇಳಿದರು. ಇಲ್ಲ, ಇಬ್ಬರೂ ಕೂಡಿಯೇ ಇಳಿಯುತ್ತಾರೆ ಎಂಬುದು ಹುಸೇನರ ಅಂದಾಜು. ಇಸ್ರೇಲಿನ ಸೇನಾ ಗುಪ್ತಚರರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಇದು ದ್ರೋಹವೇ? ಅರಬ್ ಓದುಗರಲ್ಲಿ ಅನೇಕರು ಹೌದು ಎನ್ನುತ್ತಾರೆ, ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಕೈರೋದಲ್ಲಿ ಕೈಕುಲುಕಿ ಬಂದವರು ಎದುರಾಳಿಯ ಮನೆಗೆ ಹೋಗಿ ಕೂರುವುದು ಸಣ್ಣ ಮಾತಲ್ಲ. ಆದರೆ ಹುಸೇನ್ ನಿಂತಿದ್ದ ಜಾಗದಿಂದ ನೋಡಿ. ಯುದ್ಧ ಯಾರೇ ಶುರು ಮಾಡಲಿ, ಅದು ತಮ್ಮ ಅಂಗಳಕ್ಕೆ ಬಂದೇ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಯುದ್ಧವೇ ಆಗದಂತೆ ನೋಡಿಕೊಳ್ಳುವುದು ಅವರ ಮೊದಲ ಆಸೆ. ಯುದ್ಧ ಆಗಿಯೇಬಿಟ್ಟರೆ ತಮ್ಮ ದೇಶ ಅದರಿಂದ ಹೊರಗಿರಲಿ ಎಂಬುದು ಎರಡನೆಯದು.

ಅಕ್ಟೋಬರ್ 6ರ ಮಧ್ಯಾಹ್ನ ಎರಡು ಗಂಟೆಗೆ ಯುದ್ಧ ಶುರುವಾಯಿತು. ಯಹೂದಿಗಳಿಗೆ ಅದು ಯೋಮ್ ಕಿಪ್ಪುರ್ ಎಂಬ ಪವಿತ್ರ ದಿನ, ಮುಸ್ಲಿಮರಿಗೆ ರಂಜಾನ್ ಉಪವಾಸದ ಹತ್ತನೇ ದಿನ. ಈಜಿಪ್ಟ್ ಸೂಯೆಜ್ ಕಾಲುವೆ ದಾಟಿತು. 1967ರಲ್ಲಿ ಇಸ್ರೇಲ್ ಕಿತ್ತುಕೊಂಡಿದ್ದ ಗೋಲನ್ ಎತ್ತರ ಪ್ರದೇಶಕ್ಕೆ ಸಿರಿಯಾದ ಟ್ಯಾಂಕ್‌ಗಳು ಹರಿದುಬಂದವು. ಮೊದಲ ಎರಡು ಮೂರು ದಿನ ಇಸ್ರೇಲ್ ತತ್ತರಿಸಿತು. ಅರಬ್ ಊರುಗಳಲ್ಲಿ ರೇಡಿಯೋ ಸುತ್ತ ಜನ ಮುಗಿಬಿದ್ದರು. ಆರು ವರ್ಷದ ಅವಮಾನ ತೊಳೆದುಹೋಗುತ್ತಿದೆ ಎಂಬ ಭಾವ.

ಆಗ ಎಲ್ಲರ ಕಣ್ಣು ಅಮ್ಮಾನಿನ ಮೇಲೆ ಬಿತ್ತು. ಇಸ್ರೇಲ್ ತನ್ನ ಬಲವನ್ನೆಲ್ಲ ಕಾಲುವೆಯ ಪಕ್ಕದ ಸಿನಾಯ್ ಮತ್ತು ಗೋಲನ್‌ಗೆ ಸುರಿದಿತ್ತು. ಜೋರ್ಡಾನ್ ನದಿಯ ದಂಡೆಯಲ್ಲಿ ಕಾವಲು ತೀರಾ ತೆಳುವಾಗಿತ್ತು. ಅಲ್ಲಿಂದ ಜೆರುಸಲೇಮ್ ದೂರವೇನಲ್ಲ. ಮೂರನೇ ರಂಗ ತೆರೆದರೆ ಇಸ್ರೇಲಿನ ಕಥೆ ಮುಗಿಯಿತು ಎಂದು ಕೈರೋ, ದಮಾಸ್ಕಸ್, ಬಾಗ್ದಾದ್ ಎಲ್ಲ ಕಡೆ ಲೆಕ್ಕ ಹಾಕುತ್ತಿದ್ದರು. ಅಮ್ಮಾನಿನ ಸೇನಾ ಅಧಿಕಾರಿಗಳಲ್ಲೂ ಅದೇ ಕುದಿ. ಆ ಸೇನೆಯ ಮಾನದ ಪ್ರಶ್ನೆ ಅದು.

ಒತ್ತಡ ಹಾಕಿದವರು ಅರಬರು ಮಾತ್ರ ಅಲ್ಲ. ಸೋವಿಯತ್ ನಾಯಕ ಬ್ರೆಜ್ನೇವ್ ಅಲ್ಜೀರಿಯಾದ ಬೂಮೆದಿಯೆನ್‌ಗೆ ಸಂದೇಶ ಕಳಿಸಿ, ಈಜಿಪ್ಟ್ ಮತ್ತು ಸಿರಿಯಾ ಒಂಟಿಯಾಗಬಾರದು, ಉಳಿದ ಅರಬ್ ದೇಶಗಳೂ ಕೈಜೋಡಿಸಬೇಕು ಎಂದರು. ಅಮ್ಮಾನಿನಲ್ಲಿದ್ದ ಸೋವಿಯತ್ ಪ್ರತಿನಿಧಿಯೂ ಹುಸೇನ್‌ಗೆ ಅದನ್ನೇ ಹೇಳಿದರು, ಬೆಂಬಲ ನಮ್ಮದು ಎಂದರು. ಹುಸೇನ್ ಇದನ್ನು ಅಮೆರಿಕಕ್ಕೆ ದಾಟಿಸಿದರು. ವಾಷಿಂಗ್ಟನ್ ಸಿಡಿಮಿಡಿಗೊಂಡಿತು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಆಗ ಪರಸ್ಪರ ಬಿಗುವು ಸಡಿಲಿಸಿಕೊಳ್ಳುವ ಮಾತಾಡುತ್ತಿದ್ದ ಕಾಲ. ಒಂದು ಕೈಯಲ್ಲಿ ಶಾಂತಿ, ಇನ್ನೊಂದು ಕೈಯಲ್ಲಿ ಸಣ್ಣ ದೇಶವನ್ನು ಯುದ್ಧಕ್ಕೆ ನೂಕುವುದು ಹೇಗೆ ಎಂಬುದು ಅಮೆರಿಕದ ತಕರಾರು.

ಬೇಡ ಎಂದು ತಡೆದವರಲ್ಲಿ ಮುಖ್ಯರು ಹೆನ್ರಿ ಕಿಸಿಂಜರ್. ವಿದೇಶಾಂಗ ಕಾರ್ಯದರ್ಶಿಯಾಗಿ ಅವರು ಅಧಿಕಾರ ವಹಿಸಿಕೊಂಡು ಎರಡು ವಾರವಾಗಿತ್ತಷ್ಟೆ. ಹುಸೇನ್‌ಗೆ ಅವರು ಕೇಳಿದ್ದು ಮುಖ್ಯವಾಗಿ ಸಮಯ. ಇನ್ನೊಂದೆರಡು ದಿನ ತಡೆಯಿರಿ, ಆಮೇಲೆ ಇನ್ನೊಂದೆರಡು ದಿನ. ಬ್ರಿಟನ್ ಕೂಡ ಇದೇ ರಾಗ ಹಾಡಿತು. ಕಿಸಿಂಜರ್ ಲೆಕ್ಕ ಸ್ಪಷ್ಟವಾಗಿತ್ತು. ಯುದ್ಧ ಹರಡಬಾರದು. ಇಸ್ರೇಲ್ ಗೆದ್ದು ಜೋರ್ಡಾನನ್ನು ಪುಡಿಮಾಡಿದರೆ, ಅಮೆರಿಕದ ಪರ ಇರುವ ಒಬ್ಬ ಅರಬ್ ದೊರೆ ಇಲ್ಲವಾಗುತ್ತಾನೆ. ಅಮೆರಿಕಕ್ಕೆ ಅದು ತನ್ನ ಹಿತದ ಪ್ರಶ್ನೆ. ಹುಸೇನರ ಹಿತವೂ ಅದರಲ್ಲೇ ಇತ್ತು ಎಂಬುದು ಬೇರೆ ಮಾತು.

ಇಲ್ಲಿ ಹುಸೇನ್ ಕೈಯಲ್ಲಿದ್ದ ಎಲೆಗಳನ್ನು ನೋಡಬೇಕು. ಈಜಿಪ್ಟ್ ಕಾಲುವೆ ದಾಟಿದ್ದು ಸೋವಿಯತ್ ವಿಮಾನ ನಿರೋಧಕ ಕ್ಷಿಪಣಿಗಳ ರಕ್ಷಣೆಯಲ್ಲಿ. ಸ್ಯಾಮ್ 2, ಸ್ಯಾಮ್ 3, ಸ್ಯಾಮ್ 6 ಎಲ್ಲ ಸಾಲಾಗಿ ನಿಂತಿದ್ದವು. ಇಸ್ರೇಲಿ ವಿಮಾನ ಹತ್ತಿರ ಬಂದರೆ ಸುಡುತ್ತಿತ್ತು. ಸಿರಿಯಾಕ್ಕೂ ಅಂಥದ್ದೇ ಜಾಲ ಇತ್ತು. ಜೋರ್ಡಾನಿಗೆ ಏನೂ ಇರಲಿಲ್ಲ. ಅದರ ಟ್ಯಾಂಕ್‌ಗಳು ನದಿ ಕಣಿವೆಗೆ ಇಳಿದು, ಆ ಬಯಲು ದಾಟಿ, ಎದುರಿನ ಬೆಟ್ಟ ಹತ್ತಬೇಕು. ಮೇಲೆ ನೆರಳೂ ಇಲ್ಲ, ಕ್ಷಿಪಣಿಯ ಕಾವಲೂ ಇಲ್ಲ. ಹುಸೇನ್ ತಾವೇ ವಿಮಾನ ಹಾರಿಸುತ್ತಿದ್ದ ಮನುಷ್ಯ. ಆಕಾಶ ಕೈತಪ್ಪಿದರೆ ನೆಲದ ಮೇಲೆ ಏನಾಗುತ್ತದೆ ಎಂದು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ. 1967ರಲ್ಲಿ ಅರ್ಧ ರಾಜ್ಯ ಹೋಗಿತ್ತು. ಈ ಸಲ ಉಳಿದರ್ಧವೂ ಹೋಗುವ ಸಾಧ್ಯತೆ ನಿಜವಾಗಿಯೂ ಇತ್ತು.

ಸುಮ್ಮನೆ ಕೂತರೂ ಅಪಾಯವೇ. ಗೆಲುವಿನಲ್ಲಿ ಪಾಲಿಲ್ಲದ ದೊರೆಗೆ ಅರಬ್ ಕೂಟದಲ್ಲಿ ಮತ್ತೆ ಜಾಗ ಸಿಗುವುದಿಲ್ಲ. ಸೋತರೆ, ನೀನು ಬರಲಿಲ್ಲ ಅದಕ್ಕೇ ಸೋತೆವು ಎಂಬ ಆರೋಪ ಹೆಗಲಿಗೇರುತ್ತದೆ. ಸೌದಿಯ ದೊರೆ ಫೈಸಲ್ ಮುನಿದರೆ ಬೊಕ್ಕಸ ಖಾಲಿ. ಅತ್ತ ದರಿ, ಇತ್ತ ಪುಲಿ.

ಸಿರಿಯಾ ಕಡೆ ಗಾಳಿ ತಿರುಗಿದ ಮೇಲೆ ಈ ಇಕ್ಕಟ್ಟು ಉಸಿರುಗಟ್ಟಿಸುವ ಮಟ್ಟಕ್ಕೆ ಹೋಯಿತು. ಇಸ್ರೇಲ್ ಗೋಲನ್‌ನಲ್ಲಿ ಕಳೆದುಕೊಂಡದ್ದನ್ನು ವಾಪಸ್ ಪಡೆದು, ಅಕ್ಟೋಬರ್ 11ರಂದು ಸಿರಿಯಾದ ಒಳಕ್ಕೇ ನುಗ್ಗಿತು. ದಮಾಸ್ಕಸ್ ಅಪಾಯಕ್ಕೆ ಸಿಕ್ಕಿತು. ಇರಾಕ್ ತನ್ನ ಪಡೆಗಳನ್ನು ಅವಸರದಲ್ಲಿ ಕಳಿಸಿತು. ಜೋರ್ಡಾನಿನಲ್ಲಿ ಬೀಡುಬಿಟ್ಟಿದ್ದ ತಮ್ಮ ತುಕಡಿ ಸಿರಿಯಾಕ್ಕೆ ಹೋಗಲಿ ಎಂದು ಸೌದಿಗಳು ಕೇಳಿದರು. ಅಸಾದ್ ಅವರಿಂದ ಮೊರೆಯ ಮೇಲೆ ಮೊರೆ. ಮೂರು ವರ್ಷದ ಹಿಂದೆ ಜೋರ್ಡಾನಿಗೆ ಟ್ಯಾಂಕ್ ನುಗ್ಗಿಸಿದ್ದ ಅದೇ ಸಿರಿಯಾ ಈಗ ಜೋರ್ಡಾನಿನ ಟ್ಯಾಂಕ್‌ಗಳಿಗಾಗಿ ಕಾಯುತ್ತಿತ್ತು.

ಹುಸೇನ್ ಕಂಡುಕೊಂಡ ದಾರಿಯನ್ನು ನಾನು ಆ ಯುದ್ಧದ ಅತಿ ಜಾಣ ರಾಜತಂತ್ರ ಎಂದೇ ಎಣಿಸುತ್ತೇನೆ. ತಮ್ಮ ಗಡಿಯಲ್ಲಿ ರಂಗ ತೆರೆಯುವುದಿಲ್ಲ. ಆದರೆ ತಮ್ಮ ಅತ್ಯುತ್ತಮ ಪಡೆಗಳಲ್ಲಿ ಒಂದಾದ 40ನೇ ಶಸ್ತ್ರಸಜ್ಜಿತ ಬ್ರಿಗೇಡನ್ನು ಸಿರಿಯಾಕ್ಕೆ ಕಳಿಸುತ್ತಾರೆ. ಅದು ಸಿರಿಯಾದ ನೆಲದಲ್ಲಿ, ಸಿರಿಯಾದ ರಕ್ಷಣೆಗಾಗಿ ಹೋರಾಡುತ್ತದೆ. ಜೋರ್ಡಾನ್ ಯುದ್ಧದಲ್ಲಿದೆಯೇ ಎಂದು ಅರಬರು ಕೇಳಿದರೆ, ಇದೆ. ಜೋರ್ಡಾನಿನ ನೆಲದಿಂದ ದಾಳಿ ಆಗುತ್ತಿದೆಯೇ ಎಂದು ಇಸ್ರೇಲ್ ಕೇಳಿದರೆ, ಇಲ್ಲ.

ಅದನ್ನು ಘೋಷಿಸುವ ಮುಂಚೆ ಹುಸೇನ್ ಇನ್ನೊಂದು ಕೆಲಸ ಮಾಡಿದರು. ಅಮೆರಿಕ ಮತ್ತು ಬ್ರಿಟನ್ ಮೂಲಕ ಇಸ್ರೇಲಿಗೆ ತಿಳಿಸಿದರು: ಒಂದು ಬ್ರಿಗೇಡ್ ಕಳಿಸದೆ ನನಗೆ ಬೇರೆ ದಾರಿ ಇಲ್ಲ, ಇದನ್ನೇ ನೆಪ ಮಾಡಿ ಜೋರ್ಡಾನ್ ಮೇಲೆ ಬೀಳಬೇಡಿ. ಯಾರ ವಿರುದ್ಧ ಸೈನಿಕರನ್ನು ಕಳಿಸುತ್ತಿದ್ದೇವೋ ಅವರಿಗೇ ಮುಂಚೆ ಹೇಳಿ ಕಳಿಸುವುದು! ಗೋಲ್ಡಾ ಮೀರ್ ಇದಕ್ಕೆ ಒಪ್ಪಿಗೆ ಕೊಡಲಿಲ್ಲ. ಯಾವ ಪ್ರಧಾನಿ ತಾನೇ ಕೊಡುತ್ತಾರೆ? ಆದರೆ ಜೋರ್ಡಾನ್ ಮೇಲೆ ದಾಳಿಯನ್ನೂ ಮಾಡಲಿಲ್ಲ. ಎರಡು ರಂಗವೇ ಸಾಕಾಗಿ ಹೋಗಿದ್ದ ಇಸ್ರೇಲಿಗೆ ಮೂರನೆಯದು ಬೇಕಿರಲಿಲ್ಲ. ಇಬ್ಬರಿಗೂ ಬೇಡದ ಯುದ್ಧವನ್ನು ಇಬ್ಬರೂ ಸೇರಿ ತಪ್ಪಿಸಿದರು ಎನ್ನಬಹುದು.

ಅಕ್ಟೋಬರ್ 13ರಂದು ಬ್ರಿಗೇಡ್ ಹೊರಟ ಸುದ್ದಿ ಬಹಿರಂಗವಾಯಿತು. 16ರಂದು ಅದು ಕಾದಾಟಕ್ಕಿಳಿಯಿತು. ಕಾಗದದ ಮೇಲೆ ಚೆನ್ನಾಗಿದ್ದ ರಾಜತಂತ್ರ ಮೈದಾನದಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ಇರಾಕಿ, ಸಿರಿಯನ್, ಸೌದಿ, ಜೋರ್ಡಾನಿ ಪಡೆಗಳು ಕೂಡಿ ದಾಳಿ ಮಾಡಬೇಕಿತ್ತು. ಆದರೆ ಒಬ್ಬರಿಗೊಬ್ಬರಿಗೆ ಹೊಂದಾಣಿಕೆಯೇ ಇಲ್ಲ. ಜೋರ್ಡಾನಿಗಳು ಮುಂದೆ ಹೋದಾಗ ಪಕ್ಕದಲ್ಲಿ ಬರಬೇಕಾದವರು ಬಂದಿರಲಿಲ್ಲ. ಇನ್ನೊಂದು ಕಷ್ಟ, ಜೋರ್ಡಾನಿನವು ಬ್ರಿಟಿಷ್ ಸೆಂಚೂರಿಯನ್ ಟ್ಯಾಂಕ್‌ಗಳು. ಎದುರಿಗಿದ್ದ ಇಸ್ರೇಲಿನವೂ ಸೆಂಚೂರಿಯನ್ನೇ. ಸೋವಿಯತ್ ಟ್ಯಾಂಕ್‌ಗಳಿಗೆ ಒಗ್ಗಿದ್ದ ಕಣ್ಣಿಗೆ ದೂರದಿಂದ ತಮ್ಮವರು ಯಾರು, ಶತ್ರು ಯಾರು ಎಂದು ತಿಳಿಯುವುದು ಹೇಗೆ? ಇಸ್ರೇಲಿನ ಗುಂಡಿನ ಜೊತೆಗೆ ತಮ್ಮ ಕಡೆಯವರದೇ ಗುಂಡೂ ಜೋರ್ಡಾನಿ ಟ್ಯಾಂಕ್‌ಗಳ ಮೇಲೆ ಬಿತ್ತು. ಬ್ರಿಗೇಡ್ ಇಪ್ಪತ್ತಕ್ಕೂ ಹೆಚ್ಚು ಟ್ಯಾಂಕ್ ಕಳೆದುಕೊಂಡಿತು. ಸೈನಿಕರು ಸತ್ತರು. ಮುಖ ಉಳಿಸಿಕೊಳ್ಳಲು ಕಳಿಸಿದ ಪಡೆ ಎಂದು ನಾವು ಸುಲಭವಾಗಿ ಬರೆದುಬಿಡುತ್ತೇವೆ. ಆ ಟ್ಯಾಂಕ್‌ಗಳ ಒಳಗಿದ್ದ ಹುಡುಗರಿಗೆ ಅದು ಪೂರ್ತಿ ಯುದ್ಧವೇ ಆಗಿತ್ತು.

ಅಷ್ಟರಲ್ಲಿ ಅರಬ್ ತೈಲ ರಾಷ್ಟ್ರಗಳು ಅಕ್ಟೋಬರ್ 17ರಂದು ತೈಲವನ್ನೇ ಅಸ್ತ್ರ ಮಾಡಿಕೊಂಡವು. 1974ರ ಜನವರಿ ಹೊತ್ತಿಗೆ ಕಚ್ಚಾ ತೈಲದ ಬೆಲೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಯಿತು. ಮೈಸೂರು ರಾಜ್ಯ ಕರ್ನಾಟಕ ಎಂಬ ಹೆಸರು ಪಡೆದದ್ದು 1973ರ ನವೆಂಬರ್ 1ರಂದು. ಅದೇ ತಿಂಗಳು ದೆಹಲಿಯಲ್ಲಿ ವಾಜಪೇಯಿ ಅವರು ಪೆಟ್ರೋಲ್ ಬೆಲೆ ಏರಿಕೆ ವಿರೋಧಿಸಿ ಎತ್ತಿನಗಾಡಿಯಲ್ಲಿ ಸಂಸತ್ತಿಗೆ ಬಂದರು. ಗೋಲನ್‌ನ ಬಿಸಿ ನಮಗೂ ತಟ್ಟಿತ್ತು.

ಅಕ್ಟೋಬರ್ 22ರಂದು ಕದನ ನಿಲ್ಲಿಸಿ ಎನ್ನುವ ವಿಶ್ವಸಂಸ್ಥೆಯ 338ನೇ ನಿರ್ಣಯ ಬಂತು. ಅದಾದ ಮೇಲೂ ಕಾದಾಟ ಕೆಲವು ದಿನ ಎಳೆಯಿತು, ಕೊನೆಗೆ ನಿಂತಿತು. ಜೋರ್ಡಾನಿನ ಒಂದು ಅಂಗುಲ ನೆಲವೂ ಹೋಗಿರಲಿಲ್ಲ. ಅಮ್ಮಾನ್ ಮೇಲೆ ಒಂದು ಬಾಂಬೂ ಬಿದ್ದಿರಲಿಲ್ಲ. ಅರಬ್ ಕೂಟದಲ್ಲಿ ಹುಸೇನ್‌ಗೆ ಕುರ್ಚಿಯೂ ಉಳಿದಿತ್ತು. ಇಲ್ಲಿಗೆ ನಿಲ್ಲಿಸಿದರೆ ಇದೊಂದು ಗೆಲುವಿನ ಕಥೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ ಕೂಡ. ನನಗೆ ಅದು ಸರಿ ಕಾಣುವುದಿಲ್ಲ. ಲೆಕ್ಕ ನೋಡಬೇಕಾದದ್ದು ಆಮೇಲಿನ ಹನ್ನೆರಡು ತಿಂಗಳಲ್ಲಿ.

ಕಿಸಿಂಜರ್ ವಿಮಾನ ಹತ್ತಿ ಈಜಿಪ್ಟ್, ಇಸ್ರೇಲ್, ಸಿರಿಯಾ ಎಂದು ಓಡಾಡಿದರು. 1974ರ ಜನವರಿ 18ರಂದು ಈಜಿಪ್ಟ್ ಮತ್ತು ಇಸ್ರೇಲ್ ಸೇನೆ ಹಿಂದೆಗೆತದ ಒಪ್ಪಂದಕ್ಕೆ ಬಂದವು. ಇಸ್ರೇಲ್ ಸೂಯೆಜ್ ಕಾಲುವೆಯಿಂದ ಹಿಂದೆ ಸರಿಯಿತು. ಮೇ 31ರಂದು ಸಿರಿಯಾ ಜೊತೆಗೂ ಅಂಥದ್ದೇ ಒಪ್ಪಂದ. ಸಿರಿಯಾಕ್ಕೆ ಕುನೈತ್ರಾ ಪಟ್ಟಣ ವಾಪಸ್ ಬಂತು. ಇಬ್ಬರೂ ಯುದ್ಧ ಶುರು ಮಾಡಿದವರು. ಇಬ್ಬರಿಗೂ ಏನೋ ಒಂದು ಸಿಕ್ಕಿತು.

ಹುಸೇನ್ ತಮಗೂ ಅಂಥದ್ದೇ ಒಂದು ಸಣ್ಣ ಒಪ್ಪಂದ ಕೇಳಿದರು. ಇಸ್ರೇಲ್ ಜೋರ್ಡಾನ್ ನದಿಯಿಂದ ಸುಮಾರು ಎಂಟು ಕಿಲೋಮೀಟರ್ ಹಿಂದೆ ಸರಿಯಲಿ, ಆ ಪಟ್ಟಿಯಲ್ಲಿ ನಮ್ಮ ಆಡಳಿತ ಬರಲಿ ಎಂದು. ಅದೇನು ಅತಿಯಾಸೆಯೇ? ಇಸ್ರೇಲ್ ಒಪ್ಪಲಿಲ್ಲ. ಜೂನ್‌ನಲ್ಲಿ ಪ್ರಧಾನಿಯಾದ ರಾಬಿನ್, ಪಶ್ಚಿಮ ದಂಡೆಯಲ್ಲಿ ನೆಲ ಬಿಟ್ಟುಕೊಡುವ ಮುಂಚೆ ಚುನಾವಣೆಗೆ ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದರು. ಅವರ ಬಹುಮತ ತೀರಾ ಸಣ್ಣದು, ಚುನಾವಣೆ ಅವರಿಗೆ ಬೇಡ. ಕಿಸಿಂಜರ್ ಕೂಡ ಹೆಚ್ಚು ಒತ್ತಲಿಲ್ಲ. ಸಿನಾಯ್ ಮರಳುಗಾಡು, ಅಲ್ಲಿ ಗೆರೆ ಸರಿಸುವುದು ಸುಲಭ. ಪಶ್ಚಿಮ ದಂಡೆ ಹಾಗಲ್ಲ. ಅಲ್ಲಿ ಜೆರುಸಲೇಮ್ ಇದೆ, ಧರ್ಮ ಇದೆ, ಓಟು ಇದೆ. ಸುಲಭದ ಕೆಲಸ ಮೊದಲು ಮಾಡಿ ಕಷ್ಟದ್ದನ್ನು ಮುಂದೂಡಿದರು.

ಮುಂದೂಡಿದ್ದಕ್ಕೆ ತೆತ್ತವರು ಹುಸೇನ್. 1974ರ ಅಕ್ಟೋಬರ್ ಕೊನೆಗೆ ಮೊರಾಕೊದ ರಬಾತ್‌ನಲ್ಲಿ ಅರಬ್ ನಾಯಕರು ಸೇರಿದರು. ಪ್ಯಾಲೆಸ್ಟೀನ್ ಜನರ ಏಕೈಕ ಅಧಿಕೃತ ಪ್ರತಿನಿಧಿ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ, ಅಂದರೆ ಪಿಎಲ್‌ಒ, ಎಂದು ತೀರ್ಮಾನಿಸಿದರು. ಎಂದರೆ ಪಶ್ಚಿಮ ದಂಡೆಯ ಬಗ್ಗೆ ಮಾತಾಡುವ ಹಕ್ಕು ಇನ್ನು ಜೋರ್ಡಾನ್ ದೊರೆಗೆ ಇಲ್ಲ. ಹುಸೇನ್ ಕೈಯಲ್ಲಿ ಆಗ ತೋರಿಸಲು ಏನಿತ್ತು? ನದಿಯ ಆಚೆ ಒಂದು ಹಳ್ಳಿಯನ್ನೂ ಅವರು ವಾಪಸ್ ತಂದಿರಲಿಲ್ಲ. ಆ ಎಂಟು ಕಿಲೋಮೀಟರ್ ಸಿಕ್ಕಿದ್ದರೆ ರಬಾತ್‌ನಲ್ಲಿ ಅವರ ಮಾತಿಗೆ ತೂಕ ಇರುತ್ತಿತ್ತು. ಪ್ಯಾಲೆಸ್ಟೀನಿಗಳು ತಮ್ಮ ಬಗ್ಗೆ ತಾವೇ ಮಾತಾಡಬೇಕು ಎಂಬುದು ನ್ಯಾಯವೇ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಆಗಿನ ಇಸ್ರೇಲ್ ಪಿಎಲ್‌ಒ ಜೊತೆ ಮಾತಾಡಲು ಸಿದ್ಧವಿರಲಿಲ್ಲ. ಅತ್ತ ಜೋರ್ಡಾನ್ ಜೊತೆ ಮಾತು ಮುಗಿಯಿತು, ಇತ್ತ ಪಿಎಲ್‌ಒ ಜೊತೆ ಶುರುವಾಗಲಿಲ್ಲ. ಆ ಖಾಲಿ ಜಾಗದಲ್ಲಿ ಇಸ್ರೇಲಿ ವಸಾಹತುಗಳು ಬೆಳೆದವು. 1988ರ ಜುಲೈ 31ರಂದು ಹುಸೇನ್ ಪಶ್ಚಿಮ ದಂಡೆಯ ಜೊತೆಗಿನ ಆಡಳಿತ ಸಂಬಂಧವನ್ನೇ ಕಡಿದುಕೊಂಡರು.

ಹಾಗಾದರೆ ಅವರು 1973ರಲ್ಲಿ ಹೋರಾಡಬೇಕಿತ್ತಾ? ಇಲ್ಲ ಎಂದೇ ನನ್ನ ಉತ್ತರ. ಆಕಾಶವಿಲ್ಲದ ಸೇನೆಯನ್ನು ಕಣಿವೆಗೆ ಇಳಿಸಿದ್ದರೆ ಕಳೆದುಕೊಳ್ಳುತ್ತಿದ್ದದ್ದು ಸಾವಿರಾರು ಜೀವ, ಬಹುಶಃ ದೇಶವನ್ನೇ. ತಪ್ಪು ಯುದ್ಧದಿಂದ ದೂರ ಉಳಿದದ್ದರಲ್ಲಿ ಇರಲಿಲ್ಲ. ಯುದ್ಧದ ಹೊತ್ತಿನಲ್ಲಿ ಅವರಿಗೆ ಬೆಲೆ ಇತ್ತು, ಸಂದೇಶದ ಮೇಲೆ ಸಂದೇಶ ಬರುತ್ತಿತ್ತು. ಮುಗಿದ ಮೇಲೆ ಆ ಬೆಲೆ ಕರಗಿತು. ಬೆಲೆ ಇದ್ದಾಗಲೇ ಕೇಳಬೇಕಾದದ್ದನ್ನು ದಿನಾಂಕದ ಸಮೇತ ಬರೆಸಿಕೊಳ್ಳಬೇಕಿತ್ತು.

1990ರಲ್ಲಿ ಇದೇ ಆಟ ಉಲ್ಟಾ ನಡೆಯಿತು. ಸದ್ದಾಂ ಹುಸೇನ್ ಕುವೈತ್ ನುಂಗಿದಾಗ ಅಮೆರಿಕವೇ ಬಾ ಎಂದು ಕರೆಯಿತು. ಸೌದಿ, ಈಜಿಪ್ಟ್, ಸಿರಿಯಾ ಎಲ್ಲ ಅಮೆರಿಕದ ಪಡೆ ಸೇರಿದರು. ಜೋರ್ಡಾನ್ ಸೇರಲಿಲ್ಲ. ಅಲ್ಲಿನ ಜನ ಇರಾಕ್ ಪರ ಬೀದಿಗಿಳಿದಿದ್ದರು, ತೈಲ ಹೆಚ್ಚಾಗಿ ಬರುತ್ತಿದ್ದದ್ದೂ ಇರಾಕಿನಿಂದ. ಈ ಸಲ ಹೊರಗುಳಿದದ್ದಕ್ಕೆ ಶಿಕ್ಷೆ ಕಣ್ಣಿಗೆ ಕಾಣುವಂತೆಯೇ ಬಂತು. ಸೌದಿ ತೈಲ ನಿಂತಿತು. ಅಮೆರಿಕದ ನೆರವಿಗೆ ಕತ್ತರಿ ಬಿತ್ತು. ಕೊಲ್ಲಿಯಿಂದ ಸುಮಾರು ಮೂರು ಲಕ್ಷ ಜೋರ್ಡಾನಿಗಳು, ಪ್ಯಾಲೆಸ್ಟೀನಿಗಳು ಕೆಲಸ ಕಳೆದುಕೊಂಡು ವಾಪಸ್ ಬಂದರು.

ಜೋರ್ಡಾನ್ ಬಾಗಿಲು ಮುಚ್ಚದೆ ಇದ್ದದ್ದರ ಉಪಕಾರ ನಮಗೂ ಆಗಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಕುವೈತ್‌ನಲ್ಲಿ ಸಿಕ್ಕಿಕೊಂಡ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಆಗ ಊರು ಸೇರಿದ್ದು ಬಹುಪಾಲು ಅಮ್ಮಾನ್ ಮೂಲಕ. ಬಸ್ಸಿನಲ್ಲಿ ಇರಾಕ್ ದಾಟಿ, ಗಡಿಯ ಮರುಭೂಮಿಯ ಬಿಡಾರಗಳಲ್ಲಿ ಕಾದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ ಹತ್ತಿ ಮುಂಬೈಗೆ ಬಂದರು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಆ ದಾರಿಯ ನೆನಪು ಇನ್ನೂ ಇದೆ. ಜೋರ್ಡಾನ್ ಅಂದು ಯುದ್ಧದ ಒಂದು ಕಡೆ ಸೇರಿ ಇರಾಕ್ ಗಡಿ ಮುಚ್ಚಿದ್ದರೆ ಆ ದಾರಿಯೇ ಇರುತ್ತಿರಲಿಲ್ಲ. ಹೊರಗುಳಿದ ದೇಶವೊಂದು ಯಾರಿಗೆಲ್ಲ ಬೇಕಾಗುತ್ತದೆ ಎಂಬುದು ಯುದ್ಧ ಹೂಡುವವರ ಲೆಕ್ಕದಲ್ಲಿ ಬರುವುದೇ ಇಲ್ಲ, ಅಲ್ವಾ?

ಈಗ ಇವತ್ತಿಗೆ ಬರೋಣ. ಅಬ್ದುಲ್ಲಾ ಅವರ ಜೋರ್ಡಾನ್ ಹಳೆಯ ಜೋರ್ಡಾನ್ ಅಲ್ಲ. 1994ರ ಅಕ್ಟೋಬರ್ 26ರಂದು ಇಸ್ರೇಲ್ ಜೊತೆ ಶಾಂತಿ ಒಪ್ಪಂದ ಆಗಿದೆ. ನೀರಿಗೆ, ನೈಸರ್ಗಿಕ ಅನಿಲಕ್ಕೆ ಇಸ್ರೇಲನ್ನೂ ನೆಚ್ಚಿಕೊಂಡಿದೆ. 2022ರ ಒಡಂಬಡಿಕೆಯಂತೆ ಅಮೆರಿಕ ವರ್ಷಕ್ಕೆ 1.45 ಬಿಲಿಯನ್ ಡಾಲರ್ ಕೊಡಬೇಕು. ನೆಲದಲ್ಲಿ ಅಮೆರಿಕದ ಸೈನಿಕರಿದ್ದಾರೆ. 2024ರ ಜನವರಿಯಲ್ಲಿ ಟವರ್ 22 ಎಂಬ ನೆಲೆಯ ಮೇಲೆ ಡ್ರೋನ್ ಬಿದ್ದು ಮೂವರು ಅಮೆರಿಕನ್ ಸೈನಿಕರು ಸತ್ತರು. ಇಷ್ಟೆಲ್ಲ ಇರುವ ದೇಶವನ್ನು ತಟಸ್ಥ ಎನ್ನಬಹುದೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆದರೂ 2023ರ ನವೆಂಬರ್‌ನಲ್ಲಿ ಗಾಜಾ ದಾಳಿ ಖಂಡಿಸಿ ತನ್ನ ರಾಯಭಾರಿಯನ್ನು ಇಸ್ರೇಲಿನಿಂದ ವಾಪಸ್ ಕರೆಸಿದ್ದೂ ಇದೇ ಜೋರ್ಡಾನ್. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ಹನ್ನೆರಡು ದಿನ ಕಾದಾಡಿದಾಗ ಮತ್ತೆ ಅದೇ ಆಕಾಶ, ಅದೇ ಸೈರನ್, ಅದೇ ಉತ್ತರ.

ಪ್ರತಿಫಲ? 2024ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ಅಬ್ದುಲ್ಲಾ ಅವರನ್ನು ಹೊಗಳಿತು. ಹತ್ತು ತಿಂಗಳ ನಂತರ, 2025ರ ಫೆಬ್ರವರಿ 11ರಂದು, ಅದೇ ಅಬ್ದುಲ್ಲಾ ಶ್ವೇತಭವನದಲ್ಲಿ ಟ್ರಂಪ್ ಪಕ್ಕ ಕೂತಿದ್ದರು. ಗಾಜಾದ ಜನರನ್ನು ಜೋರ್ಡಾನ್ ಮತ್ತು ಈಜಿಪ್ಟ್ ಸೇರಿಸಿಕೊಳ್ಳಬೇಕು ಎಂಬುದು ಟ್ರಂಪ್ ಒತ್ತಾಯ. ಒಪ್ಪದಿದ್ದರೆ ನೆರವು ನಿಲ್ಲಬಹುದು ಎಂಬ ಸೂಚನೆಯೂ ಹಿಂದಿನ ದಿನವೇ ಬಂದಿತ್ತು. ಅಬ್ದುಲ್ಲಾ ನೇರ ಜಗಳಕ್ಕೆ ಹೋಗಲಿಲ್ಲ. ಕಾಯಿಲೆ ಬಿದ್ದ 2,000 ಮಕ್ಕಳನ್ನು ಕರೆಸಿ ಚಿಕಿತ್ಸೆ ಕೊಡಿಸುತ್ತೇವೆ ಎಂದರು. ಹೊರಗೆ ಬಂದ ಮೇಲೆ, ಪ್ಯಾಲೆಸ್ಟೀನಿಗಳನ್ನು ಅವರ ನೆಲದಿಂದ ಎಬ್ಬಿಸುವುದಕ್ಕೆ ಜೋರ್ಡಾನ್ ಒಪ್ಪುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಒಂದು ಬ್ರಿಗೇಡ್ ಕಳಿಸಿ ಪೂರ್ತಿ ಯುದ್ಧ ತಪ್ಪಿಸಿದ ತಂದೆಯ ವರಸೆ ಮಗನಲ್ಲೂ ಇದೆ.

ಕೊಲ್ಲಿಯ ದೊರೆಗಳು ಈ ಲೆಕ್ಕವನ್ನು ಗಮನಿಸಿದ್ದಾರೆ. 2025ರಲ್ಲಿ ಕತಾರ್ ಎರಡೂ ಕಡೆಯಿಂದ ಪೆಟ್ಟು ತಿಂದಿತು. ಜೂನ್ 23ರಂದು ಅಲ್ಲಿನ ಅಮೆರಿಕನ್ ನೆಲೆ ಅಲ್ ಉದೈದ್ ಮೇಲೆ ಇರಾನ್ ಕ್ಷಿಪಣಿ ಹಾರಿಸಿತು. ಸೆಪ್ಟೆಂಬರ್ 9ರಂದು ದೋಹಾದಲ್ಲಿದ್ದ ಹಮಾಸ್ ನಾಯಕರ ಮೇಲೆ ಇಸ್ರೇಲ್ ಬಾಂಬ್ ಹಾಕಿತು. ಸಂಧಾನ ಮಾಡುತ್ತಿದ್ದ ದೇಶದ ರಾಜಧಾನಿ ಅದು! ಎಂಟೇ ದಿನದಲ್ಲಿ ಸೌದಿ ಅರೇಬಿಯಾ ಪಾಕಿಸ್ತಾನದ ಜೊತೆ ಪರಸ್ಪರ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿತು. ಆ ತಿಂಗಳ ಕೊನೆಗೆ ಟ್ರಂಪ್, ಕತಾರ್ ಮೇಲಿನ ದಾಳಿಯನ್ನು ಅಮೆರಿಕದ ಭದ್ರತೆಗೇ ಬಂದ ಬೆದರಿಕೆ ಎಂದು ಪರಿಗಣಿಸುವ ಆದೇಶಕ್ಕೆ ಸಹಿ ಮಾಡಿದರು. ಅಧ್ಯಕ್ಷರ ಆದೇಶವನ್ನು ಮುಂದಿನ ಅಧ್ಯಕ್ಷರು ರದ್ದು ಮಾಡಬಹುದು, ಸೆನೆಟ್ ಒಪ್ಪಿದ ಒಪ್ಪಂದದಷ್ಟು ಗಟ್ಟಿ ಅದಲ್ಲ. ಆದರೂ ಕಾಗದ ಕಾಗದವೇ. ಕತಾರ್ ಅದನ್ನು ಪಡೆದದ್ದು ಪೆಟ್ಟು ಇನ್ನೂ ಹಸಿಯಾಗಿದ್ದಾಗ, ಅಮೆರಿಕಕ್ಕೆ ಗಾಜಾ ಕದನ ವಿರಾಮಕ್ಕೆ ಅದರ ನೆರವು ಬೇಕೇ ಬೇಕಾಗಿದ್ದಾಗ.

ಜೋರ್ಡಾನಿನ ಬಳಿ ಹಣದ ಒಡಂಬಡಿಕೆ ಇದೆ, ಅದೂ 2029ರವರೆಗೆ. ಅಮ್ಮಾನಿಗೆ ನಿಜವಾಗಿ ನಿದ್ದೆಗೆಡಿಸುವ ವಿಷಯದ ಬಗ್ಗೆ ಅದರಲ್ಲಿ ಏನೂ ಇಲ್ಲ. ಪಶ್ಚಿಮ ದಂಡೆಯ ಜನರನ್ನು ಒಂದು ದಿನ ನದಿಯ ಈಚೆಗೆ ತಳ್ಳುತ್ತಾರೆ ಎಂಬ ಭಯ ಅದು. ಮುಂದಿನ ಸಲ ಕ್ಷಿಪಣಿಗಳು ಹಾರಿದಾಗ ವಾಷಿಂಗ್ಟನ್ ಮತ್ತೆ ಅಬ್ದುಲ್ಲಾಗೆ ಫೋನ್ ಮಾಡುತ್ತದೆ. ಅವರು ಆಗಲೇ ಕೇಳಬೇಕು: ಹಾಗೆ ತಳ್ಳಲು ಬಿಡುವುದಿಲ್ಲ ಎಂದು ಬರೆದುಕೊಡಿ. ಕದನ ವಿರಾಮ ಆದ ಮೇಲೆ ಕೇಳಿದರೆ, 1974ರಲ್ಲಿ ಆ ಎಂಟು ಕಿಲೋಮೀಟರಿಗೆ ಸಿಕ್ಕ ಉತ್ತರವೇ ಸಿಗುತ್ತದೆ.